ಹೊಸ ನೀರು ಬಡಿಯದ ದಿನ

ನಮ್ಮೂರಿನ ಹೊಳೆಗೆ ಮೊದಲು ಇಷ್ಟು ಸಿಟ್ಟಿರಲಿಲ್ಲ ಎಂದು ನನ್ನ ಅಪ್ಪ ಹೇಳುತ್ತಿದ್ದ. ಅವನ ಕಾಲದಲ್ಲಿ ಊರಿನವರ ನೋವಷ್ಟೇ ಹೊಳೆಗೆ ಸೇರುತ್ತಿತ್ತು. ನಾಟಿ ಮಾಡುವವರ ಸೊಂಟ, ಭತ್ತ ಕುಟ್ಟುವವರ ತೋಳು, ಹೆತ್ತವರ ಬೆನ್ನು, ಇಷ್ಟೇ. ಅವು ಕಲ್ಲುಗಳ ನಡುವೆ ಮೊಣಕಾಲೆತ್ತರದ ನೊರೆ ಎಬ್ಬಿಸಿಕೊಂಡಿದ್ದು, ಮಳೆಗಾಲ ಬಂದಾಗ ತಾವಾಗಿ ಸಮುದ್ರಕ್ಕೆ ಹೋಗುತ್ತಿದ್ದವು. ಈಗ ದೂರದೂರದಿಂದ ಜನ ರಜೆ ಕಳೆಯಲು ಬರುತ್ತಾರೆ. ಕುರ್ಚಿಯಲ್ಲಿ ಕೂತು ಕೂತು ಹಿಡಿದುಕೊಂಡ ಕತ್ತು, ಬಸ್ಸಿನಲ್ಲಿ ನಿಂತು ನಿಂತು ಸೋತ ಕಾಲು, ಎಲ್ಲವನ್ನೂ ಮೈ ನೀವುವ ನಮ್ಮ ಹಲಗೆಯ ಮೇಲೆ ಬಿಟ್ಟು ಹೋಗುತ್ತಾರೆ. ನಾವು ಅದನ್ನು ನೀವಿ ತೆಗೆದು, ಕೈಯಲ್ಲಿ ಹಿಡಿದುಕೊಂಡು ಹೋಗಿ ಹೊಳೆಯಲ್ಲಿ ತೊಳೆಯುತ್ತೇವೆ. ಬೆಳಗಾಗುವಷ್ಟರಲ್ಲಿ ಅದು ಕೆಳಗೆಲ್ಲೋ ಎರಡು ಬಂಡೆಗಳ ನಡುವೆ ಕೂತು ನೀರನ್ನು ಎಬ್ಬಿಸಿರುತ್ತದೆ. ಆ ಎದ್ದ ನೀರಿನ ಮೇಲೆ ಮತ್ತೊಂದು ದಂಡು ರಬ್ಬರ್ ದೋಣಿಯಲ್ಲಿ ಕಿರುಚುತ್ತ, ನಗುತ್ತ ಹೋಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಮೈಕೈ ನೋಯಿಸಿಕೊಂಡು ಅದೂ ನಮ್ಮ ಹಲಗೆಗೇ ಬರುತ್ತದೆ. ಊರಬಾಗಿಲಿನ ಫಲಕದಲ್ಲಿ 'ಬೆಳಿಗ್ಗೆ ಹೊಳೆ, ಮಧ್ಯಾಹ್ನ ಮಸಾಜು, ಸಂಜೆ ವಿಶ್ರಾಂತಿ' ಎಂದು ಬರೆಸಿದ್ದಾರೆ. ವಿಶ್ರಾಂತಿ ಯಾರಿಗೆ ಎಂದು ಬರೆಸಿಲ್ಲ.

ನನ್ನ ಹೆಸರು ಅಂಕಯ್ಯ. ನೀವುವ ಕೆಲಸಕ್ಕೆ ನಿಂತು ಮೂವತ್ತೆರಡು ವರ್ಷವಾಯಿತು. ನನ್ನ ತಂಗಿ ದೇವೀರಿ ದೋಣಿ ನಡೆಸುತ್ತಾಳೆ. ಊರಿನ ಅರ್ಧ ಮನೆಗಳು ಹೀಗೆಯೇ, ಒಬ್ಬರು ಹಲಗೆಯಲ್ಲಿ, ಒಬ್ಬರು ಹೊಳೆಯಲ್ಲಿ. ಇಬ್ಬರಿಗೂ ಒಂದೊಂದು ಕಟ್ಟಳೆ. ಹೊಳೆಯವರಲ್ಲಿ ಸರದಿ ಬಂದವರು ದಿನಾ ಬೆಳಕು ಹರಿಯುವಾಗ ಖಾಲಿ ದೋಣಿಯಲ್ಲಿ ಹೋಗಿ, ಹೊಸದಾಗಿ ಎದ್ದ ನೀರು ಎಲ್ಲಿದೆ ಎಂದು ಹುಡುಕಿ, ಬದಿಯ ಬಂಡೆಯ ಮೇಲೆ ನಿಂತು ದೋಣಿಯ ಹುಟ್ಟಿನಿಂದ ಅದನ್ನು ಮೂರು ಸಲ ಬಡಿಯಬೇಕು. ಆಗ ನೋವು ಚದುರಿ ಬರೀ ನೀರು ಉಳಿಯುತ್ತದೆ. ಬಡಿಯದೆ ಬಿಟ್ಟರೆ, ಆ ನೀರು ಮೊದಲು ಯಾರ ಎದೆಗೆ ಬೀಳುತ್ತದೋ ನೋವು ಅವರದಾಗುತ್ತದೆ. ನಾನು ಚಿಕ್ಕವನಿದ್ದಾಗ ಒಮ್ಮೆ ಮರೆತಿದ್ದರು. ಮದುವೆಯಾಗಿ ವಾರವೂ ಆಗದ ಹುಡುಗಿಯೊಬ್ಬಳು ಯಾವನೋ ಮುದುಕನ ಮಂಡಿನೋವು ಹೊತ್ತುಕೊಂಡು ಗಂಡನ ಮನೆಗೆ ಹೋದಳು. ಹಲಗೆಯವರ ಕಟ್ಟಳೆ ಇನ್ನೂ ಸುಲಭ. ಮಲಗಿದವರನ್ನು ಎಲ್ಲಿ ನೋವು ಎಂದು ಮೂರು ಸಲ ಕೇಳಬೇಕು. ಅವರ ಬಾಯಿಂದ ಬಂದ ಜಾಗಕ್ಕೆ ಮಾತ್ರ ಕೈ ಹಾಕಬೇಕು. ಹೇಳದ ನೋವನ್ನು ಮುಟ್ಟಕೂಡದು. ಮೂವತ್ತೆರಡು ವರ್ಷ ಇದನ್ನು ಪಾಲಿಸಿದವನು ನಾನು, ಒಂದು ಮಧ್ಯಾಹ್ನ ಬಿಟ್ಟು.

ಆ ಮಧ್ಯಾಹ್ನ ತೆಂಗಿನ ಗರಿಯೂ ಅಲುಗುತ್ತಿರಲಿಲ್ಲ. ಗಂಡಹೆಂಡತಿ ಇಬ್ಬರು ಬಂದರು. ಗಂಡ ನಾಗಭೂಷಣ, ಐವತ್ತು ದಾಟಿದವರು, ದೂರದ ಪೇಟೆಯೊಂದರಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟಿದ್ದವರು. ಹೆಂಡತಿ ವಸುಮತಿ, ಕೋರ್ಟಿನಲ್ಲಿ ಶಿರಸ್ತೇದಾರರು. ಬೆಳಿಗ್ಗೆ ದೇವೀರಿಯ ದೋಣಿಯಲ್ಲೇ ಹೋಗಿಬಂದಿದ್ದರು, ಇಬ್ಬರ ತಲೆಯೂ ಇನ್ನೂ ಒದ್ದೆಯಿತ್ತು. ರಜೆಗೆ ಬಂದವರ ಗೆಲುವು ಅವರ ಮುಖದಲ್ಲಿ ಇರಲಿಲ್ಲ. ಡಾಕ್ಟರು ಬರೆದುಕೊಟ್ಟ ಕಷಾಯ ಕುಡಿಯುವ ಹಾಗೆ ರಜೆಯನ್ನು ಕುಡಿಯುತ್ತಿದ್ದರು. ದೋಣಿಯಲ್ಲಿ ಉಳಿದವರೆಲ್ಲ ಕೂಗಾಡುವಾಗ ಇವರಿಬ್ಬರು ಬಸ್ಸಿನಲ್ಲಿ ಕೂತ ಹಾಗೆ ಕೂತಿದ್ದರು ಎಂದು ದೇವೀರಿ ಊಟಕ್ಕೆ ಬಂದಾಗ ಹೇಳಿದ್ದಳು.

ಗಂಡ ಬಟ್ಟೆ ಬದಲಿಸಲು ಒಳಗೆ ಹೋದಾಗ ವಸುಮತಿಯವರು ನನ್ನ ಬಳಿ ಬಂದು ದನಿ ತಗ್ಗಿಸಿದರು. "ಅಂಕಯ್ಯನವರೇ, ಅವರ ಬಲಭುಜ ಸ್ವಲ್ಪ ನೋಡಿ. ಹದಿಮೂರು ವರ್ಷದ ನೋವು. ಮಲಗಿದ್ರೆ ಮಗ್ಗುಲು ಬದಲಾಯಿಸೋಕೂ ಆಗಲ್ಲ. ಕೇಳಿದ್ರೆ ಏನೂ ಇಲ್ಲ ಅಂತಾರೆ."

"ಅದು ಅವರ ಬಾಯಿಂದ್ಲೇ ಬರ್ಬೇಕು ಕಣಮ್ಮ. ನಮ್ಮಲ್ಲಿ ಹಂಗೇ," ಎಂದೆ.

"ಅವರು ಹೇಳಲ್ಲ. ಅದು ಅವರನ್ನ ದಿನಾ ತಿಂತಾ ಇದೆ. ನಿಮ್ಮ ಕೈಗುಣ ಚೆನ್ನಾಗಿದೆ ಅಂತ ಎಲ್ಲರೂ ಹೇಳಿದ್ರು, ಅದಕ್ಕೇ ನಿಮ್ಮ ಹತ್ರಾನೇ ಬಂದ್ವಿ."

ಆ ಮಾತಿಗೆ ನಾನು ಉಬ್ಬಿದೆ ಎಂದು ಒಪ್ಪಿಕೊಳ್ಳಬೇಕು. ನನ್ನ ಬೆರಳಿಗೆ ಕಣ್ಣಿದೆ ಎಂದು ಊರಿನಲ್ಲಿ ಹೇಳುವುದುಂಟು. ಅದನ್ನು ಕೇಳದವನ ಹಾಗೆ ಕೇಳಿಸಿಕೊಂಡು ಬದುಕಿದವನು ನಾನು.

ನಾಗಭೂಷಣರು ಹಲಗೆಯ ಮೇಲೆ ಬೋರಲು ಮಲಗಿದರು. ಎಣ್ಣೆಯಲ್ಲಿ ಲಕ್ಕಿಸೊಪ್ಪು ಕಾಯಿಸಿ ಇಟ್ಟಿದ್ದೆ. ಎಲ್ಲಿ ನೋವು ಎಂದು ಕೇಳಿದೆ. ಎಲ್ಲೂ ಇಲ್ಲ ಎಂದರು. ಎರಡನೇ ಸಲ ಕೇಳಿದಾಗ, ಮೀನಖಂಡ ಸ್ವಲ್ಪ ಹಿಡಿದಿದೆ ಎಂದರು. ಮೂರನೇ ಸಲ, "ಅಷ್ಟೇ ಅಂದ್ನಲ್ಲ, ಬೇರೆಲ್ಲೂ ಇಲ್ಲ," ಎಂದು ಮುಖವನ್ನು ಆಚೆ ತಿರುಗಿಸಿಕೊಂಡರು. ಮೀನಖಂಡ ನೀವುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತು. ಬಹಳ ದಿನದಿಂದ ನಿದ್ದೆ ಕಾಣದವರ ನಿದ್ದೆ ಅದು. ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಕೈ ತಾನಾಗಿ ಮೇಲೆ ಹೋಯಿತು ಎಂದು ಆಮೇಲೆ ದೇವೀರಿಗೆ ಹೇಳಿದೆ. ಸುಳ್ಳು. ನಾನೇ ಕಳಿಸಿದೆ.

ಅಂಥ ನೋವನ್ನು ನಾನು ಹಿಂದೆ ಕಂಡಿರಲಿಲ್ಲ. ಭುಜದಿಂದ ಕತ್ತಿನ ಬುಡದವರೆಗೆ ಪದರ ಪದರವಾಗಿ ಕೂತಿತ್ತು. ಕೆಳಗಿನ ಪದರ ತೆಳ್ಳಗೆ, ಮೇಲೆ ಬಂದಂತೆ ದಪ್ಪ, ತುದಿಗೆ ಬಂದಾಗ ಮತ್ತೆ ತೆಳ್ಳಗೆ. ಅವಸರ ಮಾಡಲಿಲ್ಲ. ಒಂದೊಂದಾಗಿ ಬಿಡಿಸಿದೆ. ಕೊನೆಯದು ಬಿಟ್ಟುಕೊಂಡಾಗ ಎರಡು ಅಂಗೈ ಸೇರಿಸಿದರೂ ಹಿಡಿಸದಷ್ಟಿತ್ತು. ಹೊಳೆಯ ಹದಿನೇಳು ಮೆಟ್ಟಿಲು ಇಳಿಯುವಾಗ ನನ್ನ ಬಲಗಡೆ ಜಗ್ಗುತ್ತಿತ್ತು. ಸಾಮಾನ್ಯವಾಗಿ ನೋವು ಕೈಗೆ ತಣ್ಣಗಿರುತ್ತದೆ, ಇದು ಬೆಚ್ಚಗಿತ್ತು. ಆಗಲಾದರೂ ನಿಂತು ಯೋಚಿಸಬೇಕಿತ್ತು. ಸೀಗೆಪುಡಿ ಹಾಕಿ ಕೈ ತೊಳೆದೆ. ಮೇಲೆ ಬರುವಾಗ ನನ್ನಷ್ಟು ಗಟ್ಟಿಗ ಈ ಊರಲ್ಲಿ ಇನ್ನೊಬ್ಬನಿಲ್ಲ ಎಂದುಕೊಳ್ಳುತ್ತಿದ್ದೆ.

ಅವರು ಎದ್ದು ಕೂತಿದ್ದರು. ಗೂಟದಲ್ಲಿದ್ದ ಅಂಗಿ ತೆಗೆದುಕೊಳ್ಳಲು ಬಲಗೈ ಎತ್ತಿದರು. ಕೈ ಸಲೀಸಾಗಿ ಮೇಲೆ ಹೋಯಿತು. ಅರ್ಧದಲ್ಲಿ ನಿಂತರು. ಕೈ ಇಳಿಸಿ, ಎಡಗೈಯಿಂದ ಬಲಭುಜವನ್ನು ಮುಟ್ಟಿ ನೋಡಿಕೊಂಡರು, ಸಂತೆಯಲ್ಲಿ ಜೇಬು ತಡಕುವವರ ಹಾಗೆ.

"ಎಲ್ಲಿ?" ಎಂದರು.

"ಏನು ಸ್ವಾಮಿ?"

"ಇಲ್ಲಿತ್ತಲ್ಲ. ಇಲ್ಲಿದ್ದದ್ದು ಎಲ್ಲಿ?"

ತೆಗೆದೆ ಎಂದು ಹೇಳಿದೆ. ಹೇಳುವಾಗಲೂ ನನ್ನ ದನಿಯಲ್ಲಿ ಸ್ವಲ್ಪ ಜಂಬವಿತ್ತು. ಅವರು ಹಲಗೆಯ ಅಂಚು ಹಿಡಿದುಕೊಂಡು ಅಳತೊಡಗಿದರು. ಗಂಡಸರು ಹಲಗೆಯ ಮೇಲೆ ಅಳುವುದು ನನಗೆ ಹೊಸದಲ್ಲ, ನೋವು ಬಿಟ್ಟಾಗ ಅಳುತ್ತಾರೆ. ಈ ಅಳು ಬೇರೆ ಥರದ್ದು. ಮನೆಗೆ ಕಳ್ಳ ನುಗ್ಗಿ ಹೋದಮೇಲೆ ಅಳುವ ಅಳು.

ಅವರಿಗೆ ಒಬ್ಬಳೇ ಮಗಳು ಇದ್ದಳು. ಅರುಂಧತಿ. ಅರು ಎಂದು ಕರೆಯುತ್ತಿದ್ದರು. ಹುಟ್ಟಿದಂದಿನಿಂದ ಕತ್ತು ನಿಲ್ಲಲಿಲ್ಲ, ಕಾಲು ಊರಲಿಲ್ಲ. ಹೆಂಡತಿಗೆ ಕೋರ್ಟಿನ ಕೆಲಸ, ಎರಡು ವರ್ಷಕ್ಕೊಮ್ಮೆ ಬೇರೆ ಊರಿಗೆ ವರ್ಗ. ಔಷಧಿಗೂ ಊಟಕ್ಕೂ ಆ ಕೆಲಸವೇ ಆಧಾರ. ಹಾಗಾಗಿ ನಾಗಭೂಷಣರು ಅಂಗಡಿ ಮುಚ್ಚಿ ಮಗಳನ್ನು ಹೆಗಲಿಗೆ ಹಾಕಿಕೊಂಡರು. ಹದಿಮೂರು ವರ್ಷ ಅವಳ ತಲೆ ಅವರ ಬಲಭುಜದ ಮೇಲೆಯೇ ಇತ್ತು. ಎಡಕ್ಕೆ ಬದಲಾಯಿಸಿದರೆ ಒಪ್ಪುತ್ತಿರಲಿಲ್ಲವಂತೆ. ಎಂಟು ತಿಂಗಳ ಹಿಂದೆ ಅವಳು ಹೋದಳು.

"ಅವಳ ಬಟ್ಟೆ ಕೊಟ್ಬಿಟ್ವಿ," ಎಂದರು. "ಗಾಲಿಕುರ್ಚಿ ಆಶ್ರಮಕ್ಕೆ ಕೊಟ್ವಿ. ಊರಿಗೆಲ್ಲ ಕಟ್ಟು ಹಾಕಿದವನು ನಾನು, ಅವಳ ಫೋಟೋಗೆ ಕಟ್ಟು ಹಾಕೋಕೆ ಕೈ ಬರಲಿಲ್ಲ. ಇದೊಂದೇ ಅಂಕಯ್ಯ, ಇದೊಂದೇ ನನ್ನ ಹತ್ರ ಇದ್ದದ್ದು. ಎಡಮಗ್ಗುಲಿಗೆ ಮಲಗಿದ್ರೆ ಬಲಗಡೆ ಅವಳಿದ್ದಾಳೆ ಅನ್ನಿಸ್ತಿತ್ತು."

ಬಾಗಿಲಲ್ಲಿ ವಸುಮತಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. "ಅವರದ್ದೇನೂ ತಪ್ಪಿಲ್ಲ ರೀ. ನಾನೇ ಹೇಳಿದ್ದು," ಎಂದರು.

ನಾಗಭೂಷಣರು ತಲೆಯೆತ್ತಿದರು. "ನಿನಗೇನು ಗೊತ್ತು?" ಎಂದರು. ಕೂಗಲಿಲ್ಲ. "ನೀನು ಎತ್ಕೊಂಡಿದ್ಯಾ ಅವಳನ್ನ?"

ಆಕೆ ಬಾಗಿಲು ಬಿಟ್ಟು ಅಂಗಳಕ್ಕೆ ಹೋಗಿ ನಿಂತರು. ನನಗೆ ಇಬ್ಬರ ಮುಖವನ್ನೂ ನೋಡಲಾಗಲಿಲ್ಲ. ಮಾಡಿದ ತಪ್ಪು ನನ್ನದು, ಅದನ್ನು ಅವರಿಬ್ಬರು ಹಂಚಿಕೊಂಡು ಬಡಿದಾಡುತ್ತಿದ್ದರು.

ಸಂಜೆ ದೇವೀರಿ ದೋಣಿಗೆ ತೇಪೆ ಹಚ್ಚುತ್ತಿದ್ದಾಗ ಹೋಗಿ ಎಲ್ಲವನ್ನೂ ಹೇಳಿದೆ. ಅವಳು ಕೈಯಲ್ಲಿದ್ದ ಅಂಟು ಕೆಳಗಿಟ್ಟಳು. "ಮೂರು ಸಲ ಕೇಳ್ದಾ?"

"ಕೇಳ್ದೆ."

"ಒಂದು ಸಲಾನಾದ್ರೂ ಭುಜ ಅಂದ್ರಾ?"

"ಇಲ್ಲ."

"ಮತ್ಯಾಕಣ್ಣಯ್ಯ ಕೈ ಹಾಕ್ದೆ?"

"ಕೈ ತಾನಾಗೇ ಮೇಲೆ ಹೋಯ್ತು, ಸಿಕ್ತು ಕಣೇ."

"ಸಿಕ್ಕಿದ್ದೆಲ್ಲ ತಗಳಕ್ಕೆ ಇದೇನು ದಾರೀಲಿ ಬಿದ್ದ ಮಾವಿನಹಣ್ಣಾ?" ಎಂದಳು. ನನಗಿಂತ ಒಂಬತ್ತು ವರ್ಷ ಚಿಕ್ಕವಳು, ಬೈಯುವಾಗ ಅವ್ವನ ಹಾಗೆ ಕಾಣುತ್ತಾಳೆ. "ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು. ಈಗ ನನ್ನಿಂದೇನಾಗ್ಬೇಕು?"

ನಾಳೆ ಬೆಳಿಗ್ಗೆ ಸರದಿ ನಿನ್ನದು, ಹೊಸ ನೀರು ಬಡಿಯಬೇಡ ಎಂದೆ. ಅವರನ್ನು ಕೂರಿಸಿಕೊಂಡು ಎಲ್ಲರಿಗಿಂತ ಮೊದಲು ಹೋಗೋಣ, ನೀರು ಅವರ ಎದೆಗೇ ಬೀಳಲಿ ಎಂದೆ. ಅವಳು ಮತ್ತೆ ಅಂಟು ಎತ್ತಿಕೊಂಡು ತೇಪೆಯ ಅಂಚು ಒತ್ತತೊಡಗಿದಳು. ಹೊಳೆಯವರಲ್ಲಿ ಬೇಕೆಂದೇ ನೀರು ಬಡಿಯದೆ ಬಿಟ್ಟವರು ಇದುವರೆಗೆ ಯಾರೂ ಇಲ್ಲ. ಇದು ತಿಳಿದರೆ ಅವಳ ಹುಟ್ಟು ಕಿತ್ತುಕೊಳ್ಳುತ್ತಾರೆ. ಎಂಟು ಗಂಟೆಗೆ ಉಳಿದ ದೋಣಿಗಳು ಹೊರಡುತ್ತವೆ. ಅಷ್ಟರೊಳಗೆ ಮುಗಿಯದಿದ್ದರೆ ಆ ಹದಿಮೂರು ವರ್ಷ ಯಾರೋ ಗುರುತಿಲ್ಲದವರ ಭುಜಕ್ಕೆ ಹೋಗುತ್ತದೆ. ಅವರು ಅದಕ್ಕೆ ಮುಲಾಮು ಹಚ್ಚುತ್ತಾರೆ.

"ನಿಂಗೋಸ್ಕರ ಅಲ್ಲ," ಎಂದಳು ದೇವೀರಿ ಕೊನೆಗೆ. "ಆವಯ್ಯನ್ನ ಬೆಳಿಗ್ಗೆ ನೋಡ್ದೆ ನಾನು. ದೋಣಿ ವಾಲಿದಾಗೆಲ್ಲ ಬಲಗೈ ಹಿಂಗೆ ಎದೆಗೆ ಹಿಡ್ಕಳೋರು. ಯಾಕೆ ಅಂತ ಈಗ ಗೊತ್ತಾಯ್ತು."

ರಾತ್ರಿಯೇ ಹೋಗಿ ನಾಗಭೂಷಣರಿಗೆ ವಿಷಯ ಹೇಳಿ ಬಂದಿದ್ದೆ. ಬೆಳಕು ಹರಿಯುವಾಗ ಅವರು ಮೆಟ್ಟಿಲ ಬಳಿ ಬಂದು ನಿಂತಿದ್ದರು. ಅವರ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ವಸುಮತಿ. ಕರೆದಿರಲಿಲ್ಲ, ಬಂದಿದ್ದರು. ದೇವೀರಿ ಇಬ್ಬರಿಗೂ ತೇಲು ಜಾಕೀಟು ಕಟ್ಟಿದಳು. ನಾಗಭೂಷಣರನ್ನು ಮುಂದೆ ಬಲಕ್ಕೆ ಕೂರಿಸಿದಳು, ನನ್ನನ್ನು ಎಡಕ್ಕೆ. ವಸುಮತಿ ನಮ್ಮ ಹಿಂದೆ, ನಡುವಿನಲ್ಲಿ. ತಾನು ಎಲ್ಲರ ಹಿಂದೆ ಹುಟ್ಟು ಹಿಡಿದು ಕೂತಳು.

ಯಾವ ನೋವಿನಿಂದ ಎದ್ದವೋ ಅದರ ಹೆಸರೇ ಇರುವ ಹಳೆಯ ನೀರುಗಳನ್ನೆಲ್ಲ ದಾಟಿದೆವು. ಸೊಂಟದ ಇಳುಕಲಿನಲ್ಲಿ ದೋಣಿ ಎದ್ದು ಬಿತ್ತು. ಕತ್ತಿನ ತಿರುವಿನಲ್ಲಿ ಒಂದು ಸುತ್ತು ತಿರುಗಿತು. ದಡದ ಮರಗಳಲ್ಲಿ ಹಕ್ಕಿಗಳು ಗಲಾಟೆ ಮಾಡುತ್ತಿದ್ದವು. ತಿರುವು ದಾಟಿದ ಮೇಲೆ ಎಮ್ಮೆಗಳು ಮಲಗುವ ಮಡು, ಅಲ್ಲಿ ಯಾವಾಗಲೂ ನೀರು ನಿಂತಂತೆ ಇರುತ್ತದೆ. ಆ ದಿನ ಮಡುವಿನ ಕೊನೆಯಲ್ಲಿ, ಎರಡು ಚಪ್ಪಟೆ ಬಂಡೆಗಳ ನಡುವೆ, ಹೊಸ ನೀರು ಎದ್ದಿತ್ತು. ದೊಡ್ಡದೇನಲ್ಲ. ಆದರೆ ಅದರ ಎದ್ದ ಅಲೆ ಒಂದೇ ಕಡೆಗೆ ಒರಗಿಕೊಂಡಿತ್ತು, ಸದ್ದೂ ಕಡಿಮೆ. ನನ್ನ ಕೈಯಿಂದ ಹೋದದ್ದು ಅದೇ ಎಂದು ನೋಡುತ್ತಲೇ ತಿಳಿಯಿತು.

ದೇವೀರಿ ದೋಣಿಯನ್ನು ಮಡುವಿನಲ್ಲಿ ಹಿಡಿದು ನಿಲ್ಲಿಸಿದಳು. "ಅದೇ ಸ್ವಾಮಿ. ಬಲಗಡೆ ಮುಂದೆ ಕೂತೋರಿಗೆ ಬೀಳ್ತದೆ. ಕಣ್ಣು ಮುಚ್ಕಬೇಡಿ, ಎದೆ ಕೊಟ್ಟು ಕೂತ್ಕಳಿ. ಒಂದೇ ಸಲ ಆಗೋದು. ಆಮೇಲೆ ಅದು ಬರೀ ನೀರು."

ನಾಗಭೂಷಣರು ಮುಂದಕ್ಕೆ ಬಾಗಿ ಕೂತರು. ಜಾಕೀಟಿನ ಕೊರಳಪಟ್ಟಿ ಸರಿಸಿ ಬಲಭುಜ ತೆರೆದರು. ಬಹಳ ದಿನದ ಮೇಲೆ ರೈಲಿನಿಂದ ಇಳಿಯುವವರನ್ನು ಕಾಯುವ ಮುಖ ಅವರದು.

ಹಿಂದಿನಿಂದ ವಸುಮತಿ ಮಾತಾಡಿದರು. ಕೋರ್ಟಿನಲ್ಲಿ ಓದುವವರ ಹಾಗೆ ನೆಟ್ಟಗಿನ ದನಿ. "ರೀ, ನಿನ್ನೆ ಕೇಳಿದ್ರಲ್ಲ, ಎತ್ಕೊಂಡಿದ್ಯಾ ಅಂತ. ಇಲ್ಲ. ಶನಿವಾರ ಸಂಜೆ ಬಸ್ಸಿಳಿದು ಓಡಿ ಬರ್ತಿದ್ದೆ. ಅಷ್ಟರಲ್ಲಿ ಅವಳು ನಿಮ್ಮ ಹೆಗಲ ಮೇಲೆ ನಿದ್ದೆ ಮಾಡಿರ್ತಿದ್ಲು. ಕೊಡಿ ಅಂದ್ರೆ, ಬೇಡ, ಎಚ್ಚರ ಆಗತ್ತೆ ಅಂತಿದ್ರಿ. ಭಾನುವಾರ ಎತ್ಕೊಳ್ಳೋಕೆ ಹೋದ್ರೆ ಅಳ್ತಿದ್ಲು. ನನಗೆ ಹಿಡಿಯೋಕೆ ಬರ್ತಿರಲಿಲ್ಲ. ಸೋಮವಾರ ಮತ್ತೆ ಬಸ್ಸು." ಜಾಕೀಟಿನ ದಾರ ಬಿಗಿ ಮಾಡಿಕೊಂಡರು. "ಆ ನೋವು ನಿಮ್ಮನ್ನ ತಿಂತಿದೆ ಅಂತ ಇವರಿಗೆ ಹೇಳಿದ್ನಲ್ಲ, ಅದು ಪೂರ್ತಿ ನಿಜ ಅಲ್ಲ. ನೀವು ನಿದ್ದೇಲಿ ನರಳೋದು ಕೇಳಿದಾಗೆಲ್ಲ ನನಗೆ ಹೊಟ್ಟೆಕಿಚ್ಚಾಗ್ತಿತ್ತು. ನಿಮ್ಮ ಹತ್ರ ಅಷ್ಟಾದ್ರೂ ಇತ್ತು. ನನ್ನ ಮೈಯಲ್ಲಿ ಅವಳು ಎಲ್ಲೂ ಇಲ್ಲ. ಅದಕ್ಕೇ ತೆಗೆಸಿದೆ. ಕ್ಷಮಿಸಿ ಅಂತ ಕೇಳೋಕೂ ನನಗೆ ಮುಖ ಇಲ್ಲ."

ದೋಣಿ ನೀರಿನಲ್ಲಿ ಮೆಲ್ಲಗೆ ಅಲುಗುತ್ತಿತ್ತು. ದೇವೀರಿ ಹುಟ್ಟು ಒತ್ತಿ ಹಿಡಿದಿದ್ದಳು, ಅವಳ ತೋಳು ಉಬ್ಬಿತ್ತು. ಮೇಲೆ ಮೆಟ್ಟಿಲ ಕಡೆ ಯಾರೋ ದೋಣಿಗೆ ಗಾಳಿ ತುಂಬುವ ಸದ್ದು ಕೇಳತೊಡಗಿತ್ತು. ಇನ್ನು ಹೆಚ್ಚು ಹೊತ್ತು ನಿಲ್ಲುವಂತಿರಲಿಲ್ಲ. ನಾಗಭೂಷಣರು ತಿರುಗಿ ನೋಡಲಿಲ್ಲ. ಎದುರಿನ ಒರಗಿದ ಅಲೆಯನ್ನೇ ನೋಡುತ್ತಿದ್ದರು. ಅವರ ಕಣ್ಣು ಅದನ್ನು ಎಷ್ಟು ಬೇಡುತ್ತಿತ್ತೆಂದರೆ, ನಾನು ಮೂವತ್ತೆರಡು ವರ್ಷದಲ್ಲಿ ಜನ ನೋವು ಕಳೆದುಕೊಳ್ಳಲು ಹಾಗೆ ಬೇಡಿದ್ದನ್ನು ಕಂಡಿಲ್ಲ.

ಆಮೇಲೆ ಅವರು ಜಾಕೀಟಿನ ಪಟ್ಟಿಯನ್ನು ಮತ್ತೆ ಭುಜದ ಮೇಲಕ್ಕೆ ಎಳೆದುಕೊಂಡರು. ದೋಣಿಯ ಅಂಚು ಹಿಡಿದು, ಕೂತಲ್ಲಿಂದಲೇ ಹಿಂದಕ್ಕೆ ಸರಿದರು.

"ವಸು, ಮುಂದೆ ಬಾ."

"ಬೇಡ ರೀ. ಅದು ನಿಮ್ಮದು."

"ಬಾ ಅಂದೆ. ಹೊತ್ತಾಗತ್ತೆ."

ವಸುಮತಿ ಅಂಗೈ, ಮಂಡಿ ಊರುತ್ತ ಮುಂದೆ ಬಂದು ಅವರು ಬಿಟ್ಟ ಜಾಗದಲ್ಲಿ ಕೂತರು. ದೇವೀರಿ ನನ್ನ ಮುಖ ನೋಡಿದಳು. ಎಲ್ಲಿ ನೋವು ಎಂದು ಕೇಳುವುದಷ್ಟೇ ನನ್ನ ಕೆಲಸ, ಅದು ಯಾರಿಗೆ ಹೋಗಬೇಕು ಎಂದು ಹೇಳುವ ಅಧಿಕಾರ ನನಗಿಲ್ಲ. ತಲೆಯಾಡಿಸಿದೆ. ಅವಳು ಹುಟ್ಟು ಎತ್ತಿದಳು.

ದೋಣಿ ಬಂಡೆಗಳ ನಡುವೆ ನುಗ್ಗಿತು. ನೀರು ಎದ್ದು ಆಕೆಯ ಎದೆಗೆ, ಭುಜಕ್ಕೆ, ಮುಖಕ್ಕೆ ಒಟ್ಟಿಗೆ ಬಿತ್ತು. ನನಗೆ ಒಂದು ಹನಿಯೂ ತಾಗಲಿಲ್ಲ. ಮರುಕ್ಷಣ ನಾವು ಆಚೆ ತೇಲುತ್ತಿದ್ದೆವು. ಹಿಂದೆ ಆ ಅಲೆ ನೆಟ್ಟಗಾಗಿ ಎಲ್ಲ ನೀರಿನಂತೆ ಸದ್ದು ಮಾಡತೊಡಗಿತ್ತು. ವಸುಮತಿಯವರ ಬಲಭುಜ ಒಮ್ಮೆಲೇ ಕೆಳಕ್ಕೆ ಜಗ್ಗಿತು. ಬೀಳುವವರಂತೆ ವಾಲಿ ದೋಣಿಯ ಅಂಚು ಹಿಡಿದರು.

"ಇಷ್ಟು ಭಾರ ಇದ್ಲಾ ರೀ?" ಎಂದರು ಕೊನೆಗೆ.

"ನಡುವೆ ಇನ್ನೂ ಭಾರ ಇದ್ಲು," ಎಂದರು ನಾಗಭೂಷಣ. "ಕೊನೆಕೊನೆಗೆ ಇಳಿದುಹೋದ್ಲು."

ಆಕೆ ಎಡಗೈಯಿಂದ ಬಲಭುಜವನ್ನು ಒತ್ತಿ ಹಿಡಿದುಕೊಂಡು, ನೋವಿಗೆ ಹಲ್ಲು ಕಚ್ಚಿ ಅಳುತ್ತಿದ್ದರು. ನಾಗಭೂಷಣರು ಹಿಂದಿನಿಂದ ಮಂಡಿಯೂರಿ ಬಂದು ಆ ಕೈಯನ್ನು ಬಿಡಿಸಿದರು. ಆಕೆಯ ಬಲಗೈಯನ್ನು ಮೊಣಕೈಯಲ್ಲಿ ಮಡಿಸಿ ಸೊಂಟದ ಬಳಿಗೆ ತಂದರು, ಎಡ ಅಂಗೈಯನ್ನು ಬಿಚ್ಚಿ ಭುಜದಿಂದ ಒಂದು ಗೇಣು ಮೇಲೆ, ಏನೂ ಇಲ್ಲದ ಕಡೆ ಹಿಡಿದು ನಿಲ್ಲಿಸಿದರು.

"ಹಾಗಲ್ಲ ವಸು. ಈ ಕೈ ಕೆಳಗೆ ಕೊಡು. ಇದು ತಲೆಯ ಹಿಂದೆ ಇರ್ಲಿ, ಕತ್ತು ಬೀಳಬಾರದು. ಹಾಂ, ಹೀಗೆ. ಇನ್ನು ಅಳಲ್ಲ."